ಗಂಡನನ್ನು ಒಂದು ದಿನ ಸುಮ್ನೆ ಬಿಡಬಾರದಾ ಅಂತ ಕೇಳಿದವರಿಗೆ

ನಮಸ್ಕಾರ ಎಲ್ಲರಿಗೂ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ನಮ್ಮ ಮನೆಯ ಬೇಸ್‌ಮೆಂಟಿನಿಂದ ಮತ್ತೆ ನಿಮ್ಮ ಮುಂದೆ ಬಂದಿದ್ದೇನೆ. ಹಿಂದೆ ಗೊರಗೊರ ಸದ್ದು ಕೇಳಿಸಿದರೆ ಅದು ಮನೆ ಬೆಚ್ಚಗಿಡುವ ಫರ್ನೇಸು, ನಮ್ಮವರಲ್ಲ.

ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅಷ್ಟರಲ್ಲಿ ಹೋದ ವಿಡಿಯೋಗೆ ಒಂದು ಕಾಮೆಂಟ್ ಬಂತು. ಓದುತ್ತೇನೆ, ಕೇಳಿ. "ಅಕ್ಕಾ, ಫುಟ್‌ಬಾಲ್‌ಗೂ ನೀವು, ಬೇಟೆಗೂ ನೀವು, ಮೀನು ಹಿಡಿಯೋಕೂ ನೀವು. ಜೊತೆಗೆ ಮಗಳು ಬೇರೆ. ಪಾಪ, ಗಂಡನನ್ನು ವರ್ಷದಲ್ಲಿ ಒಂದು ದಿನ ಸುಮ್ನೆ ಬಿಡಬಾರದಾ?" ಕೊನೆಗೆ ಕೈ ಮುಗಿಯುವ ಎಮೋಜಿ. ಅದಕ್ಕೆ ಲೈಕುಗಳೋ ಲೈಕುಗಳು. ಯಾರು ಒತ್ತಿದ್ದು ಅಂತ ಅಲ್ಲಿ ತೋರಿಸುವುದಿಲ್ಲ. ಆದರೆ ಒಬ್ಬರ ಮೇಲೆ ನನಗೆ ಅನುಮಾನ ಇದೆ. ಅವರು ಈಗ ಮೇಲೆ ಪಾತ್ರೆ ತೊಳೆಯುತ್ತಿದ್ದಾರೆ.

ಉತ್ತರ ಹೇಳಿಬಿಡುತ್ತೇನೆ. ಬಿಡುವುದಿಲ್ಲ. ಮ್ಯಾಚಿಗೆ ಹೋಗಿ, ಬೇಟೆಗೆ ಹೋಗಿ, ಮೀನಿಗೆ ಹೋಗಿ, ಮನೆಯವರನ್ನು ಕರೆದುಕೊಂಡು ಹೋಗಿ. ಇಷ್ಟೇ ನನ್ನ ಮಾತು. ವಿಡಿಯೋ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ಊರಲ್ಲಿ ಕೂತು ನೋಡುವವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮೂರಿನ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಕಾಲೇಜು ಹುಡುಗರ ಆಟ ಅಂತ ಹಗುರವಾಗಿ ನೋಡಬೇಡಿ. ಆನ್ ಆರ್ಬರ್‌ನಲ್ಲಿರುವ, ನಮ್ಮ ಮಿಷಿಗನ್ ಯೂನಿವರ್ಸಿಟಿ ಟೀಮಿನ ಮಿಷಿಗನ್ ಸ್ಟೇಡಿಯಂ 1927ರಲ್ಲಿ ಶುರುವಾಗಿದ್ದು. ಈಗ ಅಲ್ಲಿ 1,07,601 ಜನ ಕೂರಬಹುದು. ನಮ್ಮ ಎರಡು ಚಿನ್ನಸ್ವಾಮಿ ಸ್ಟೇಡಿಯಂ ಜನರನ್ನು ತಂದು ಕೂರಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಎಲ್ಲರೂ ಅದನ್ನು ಬಿಗ್ ಹೌಸ್ ಅಂತಲೇ ಕರೆಯುವುದು. ಹೆಸರೇ ದೊಡ್ಡ ಮನೆ. ಆದರೆ ಹೆಚ್ಚಿನ ಕಡೆ ಕುರ್ಚಿ ಇಲ್ಲ, ಉದ್ದಕ್ಕೆ ಬೆಂಚು. ಬೆಂಚಿನ ಮೇಲೆ ನಂಬರು. ನಿಮ್ಮ ನಂಬರಿನಷ್ಟೇ ಅಗಲ ನಿಮ್ಮದು. ನವೆಂಬರ್ ಚಳಿಗೆ ಎಲ್ಲರೂ ದಪ್ಪ ಜಾಕೆಟ್ ಹಾಕಿಕೊಂಡು ಬಂದಿರುತ್ತಾರೆ. ಒಬ್ಬರು ಸೀನಿದರೆ ಸಾಲಿಗೆ ಸಾಲೇ ಅಲ್ಲಾಡುತ್ತದೆ.

ವರ್ಷದ ದೊಡ್ಡ ಮ್ಯಾಚು ಪಕ್ಕದ ರಾಜ್ಯದ ಯೂನಿವರ್ಸಿಟಿ ಒಹಾಯೋ ಸ್ಟೇಟ್ ಜೊತೆ. ಈ ಜಗಳ ಶುರುವಾಗಿದ್ದು 1897ರಲ್ಲಿ. ಆ ವಾರ ಕೊಲಂಬಸ್‌ನ ಅವರ ಕ್ಯಾಂಪಸ್‌ನಲ್ಲಿ ಬೋರ್ಡುಗಳ ಮೇಲಿರುವ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪು ಅಂಟಿಸುತ್ತಾರೆ. ಮಿಷಿಗನ್ನಿನ ಎಂ ಅಂತ! ಡಿಗ್ರಿ ಓದುವವರು ಸ್ವಾಮಿ, ಅಂಗನವಾಡಿ ಮಕ್ಕಳಲ್ಲ.

ಈಗ ಕ್ಯಾಲೆಂಡರ್ ತೆಗೆಯಿರಿ. ನಮ್ಮಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುವುದು ನವೆಂಬರ್ 15ಕ್ಕೆ. ಸೋಮವಾರವೇ ಬರಲಿ, ಭಾನುವಾರವೇ ಬರಲಿ, 15 ಅಂದರೆ 15. ಕೆಲವು ಊರುಗಳಲ್ಲಿ ಶಾಲೆಗೇ ರಜೆ. ಬೇಟೆ ಮುಗಿಯುವುದು 30ಕ್ಕೆ. ಒಹಾಯೋ ಮ್ಯಾಚು ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅಂದರೆ ನವೆಂಬರಿನ ನಾಲ್ಕನೇ ಗುರುವಾರ, ಆದ ಮೇಲಿನ ಶನಿವಾರ. ಅದು 24ರಿಂದ 30ರ ಒಳಗೇ ಬರಬೇಕು. ಅಂದರೆ ಮ್ಯಾಚು ಬೇಟೆಯ ಸೀಸನ್ ಒಳಗೇ ಬಂತು. ಜನವರಿ ಬಂದರೆ ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ, ಐಸ್ ಕೊರೆದು ಮೀನು ಹಿಡಿಯುವವರ ಸರದಿ. ಲೆಕ್ಕ ಹಾಕಿ. ನವೆಂಬರಿನಿಂದ ಫೆಬ್ರವರಿ ತನಕ ಮಿಷಿಗನ್ನಿನ ಗಂಡಸು ಮನೆಗೆ ಬರುವುದು ಸಾಕ್ಸ್ ಬದಲಿಸುವುದಕ್ಕೆ.

ಇಂಥವರನ್ನು "ಒಂದು ದಿನ ಬಿಡಿ" ಅಂತೀರಲ್ಲ, ಯಾವ ದಿನ ಹಿಡಿದಿಟ್ಟುಕೊಂಡಿದ್ದೆವು? ಹೋಗಬೇಡಿ ಅಂತ ನಾನು ಹೇಳಿಯೇ ಇಲ್ಲ. ಹೋಗಿ. ನಮ್ಮನ್ನೂ ಕರೆದುಕೊಂಡು ಹೋಗಿ.

ನಮ್ಮವರು ಕೊಡಗಿನವರು. ನಾನು ಹಾಸನದ ಕಡೆಯವಳು. ಅವರ ಕಡೆ ಕೋವಿ ಅಂದರೆ ದೇವರ ಪಕ್ಕ ಇಡುವ ವಸ್ತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಗುಂಡು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತಲ್ಲ. ಹಾಗಾಗಿ ಇವರು ಬೇಟೆಯ ಕಥೆ ಕೇಳಿ ಬೆಳೆದವರು, ಬೇಟೆ ಆಡಿ ಬೆಳೆದವರಲ್ಲ. ಇಲ್ಲಿಗೆ ಬಂದು ಹಂಟರ್ ಸೇಫ್ಟಿ ಕ್ಲಾಸಿನಲ್ಲಿ ಹೈಸ್ಕೂಲ್ ಹುಡುಗರ ಪಕ್ಕ ಕೂತು, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡರು. ಸಕತ್ ಹೆಮ್ಮೆ. ಅಂಗಡಿಯಿಂದ ಕಿತ್ತಳೆ ಬಣ್ಣದ ಜಾಕೆಟ್ ತಂದರು. ಒಂದೇ ಜಾಕೆಟ್! ಅಲ್ಲಿಂದಲೇ ನಮ್ಮ ಮನೆಯಲ್ಲಿ ಯುದ್ಧ ಶುರು.

ಈಗ ಮೂರು ಜಾಕೆಟ್ ಇವೆ. ನಮ್ಮ ಮಗಳು ಹುಟ್ಟಿದಾಗ ಯಾರೂ ಗುಂಡು ಹಾರಿಸಲಿಲ್ಲ. ಈಗ ಅವಳೇ ಹಾರಿಸುತ್ತಾಳೆ. ಲೆಕ್ಕ ಚುಕ್ತಾ.

ಚಿಕ್ಕವರಿಗೆ ಕಾನೂನು ಬಿಡುತ್ತದಾ ಅಂತ ಕೇಳುತ್ತೀರಿ. ಬಿಡುತ್ತದೆ. ಹತ್ತು ತುಂಬದ ಮಕ್ಕಳಿಗೂ ಇಲ್ಲಿ ಬೇರೆಯೇ ಲೈಸೆನ್ಸ್ ಇದೆ, 21 ದಾಟಿದ ಅನುಭವಸ್ಥರು ಪಕ್ಕದಲ್ಲೇ ಇರಬೇಕು ಅಷ್ಟೇ. ಸೆಪ್ಟೆಂಬರಿನಲ್ಲಿ 16 ಮತ್ತು ಅದಕ್ಕಿಂತ ಚಿಕ್ಕವರಿಗೆ, ಅಂಗವಿಕಲರಿಗೆ ಅಂತಲೇ ಬೇಟೆಯ ದಿನಗಳನ್ನು ಬಿಟ್ಟಿರುತ್ತಾರೆ. ಸರ್ಕಾರವೇ ಕರೆದುಕೊಂಡು ಬನ್ನಿ ಅನ್ನುತ್ತಿದೆ. ನೀವು ಯಾರು ಬೇಡ ಅನ್ನುವುದಕ್ಕೆ?

ಮಧ್ಯದಲ್ಲಿ ಒಂದು ಮಾತು. ಇನ್ನೂ ಸಬ್‌ಸ್ಕ್ರೈಬ್ ಮಾಡದೆ ನೋಡುತ್ತಿರುವವರೇ ಜಾಸ್ತಿ ಅಂತ ಯೂಟ್ಯೂಬ್ ನನಗೆ ತೋರಿಸುತ್ತಿದೆ. ನಾಚಿಕೆ ಆಗಬೇಕು. ಒತ್ತಿ. ನಮ್ಮ ಚಾನೆಲ್ಲಿನ ಸ್ಟಿಕ್ಕರ್ ಕೂಡ ಬಂದಿದೆ, ಮಂಜಿಗೂ ಕಿತ್ತುಹೋಗುವುದಿಲ್ಲ, ನಮ್ಮ ಕಾರಿನ ಹಿಂದೆ ಅಂಟಿಸಿ ನೋಡಿದ್ದೇನೆ.

ಸರಿ, ಎಲ್ಲಿದ್ದೆ? ಹಾಂ, ಮಕ್ಕಳು ಗಲಾಟೆ ಮಾಡುತ್ತಾರಂತೆ, ಜಿಂಕೆ ಓಡಿಹೋಗುತ್ತದಂತೆ. ಇದು ಎಲ್ಲ ಗಂಡಸರೂ ಹೇಳುವ ಮೊದಲ ನೆಪ. ಹೇಳುತ್ತೇನೆ ಕೇಳಿ. 2024ರ ನವೆಂಬರ್ 30. ಬೇಟೆಯ ಕೊನೆಯ ದಿನ. ಅದೇ ದಿನ ಮಧ್ಯಾಹ್ನ ಕೊಲಂಬಸ್‌ನಲ್ಲಿ ಮ್ಯಾಚು. ನಾವು ಮೂವರೂ ಕಾಡಿನ ಅಂಚಿನಲ್ಲಿ ಬ್ಲೈಂಡ್ ಒಳಗೆ. ಬ್ಲೈಂಡ್ ಅಂದರೆ ಕಿಟಕಿ ಇರುವ ಚಿಕ್ಕ ಟೆಂಟು, ಜಿಂಕೆಗೆ ಕಾಣದ ಹಾಗೆ ಕೂರುವುದಕ್ಕೆ. ಒಂದೇ ಜೊತೆ ಇಯರ್‌ಬಡ್ಡು. ಒಂದು ಇವರ ಕಿವಿಯಲ್ಲಿ, ಒಂದು ಮಗಳ ಕಿವಿಯಲ್ಲಿ. ನನಗೆ ಬೆರಳಲ್ಲಿ ಸ್ಕೋರು ತೋರಿಸುತ್ತಾರೆ. ಅದೂ ಗ್ಲೌಸ್ ಹಾಕಿದ ಬೆರಳು, ಎರಡೋ ಮೂರೋ ತಿಳಿಯುವುದಿಲ್ಲ. ಒಣ ಎಲೆ ಮೇಲೆ ಅಳಿಲು ಓಡಾಡಿದರೆ ಆನೆ ಬಂದಷ್ಟು ಸದ್ದು. ಮಗಳು ನನ್ನ ತೋಳು ಮುಟ್ಟಿದಳು. ಮರದ ಸಾಲಿನ ಆಚೆ ಒಂದು ಹೆಣ್ಣು ಜಿಂಕೆ. ಮೊದಲು ಅಲ್ಲಾಡಿದ್ದು ಕಿವಿ, ಆಮೇಲೆ ಉಳಿದಿದ್ದೆಲ್ಲ ಕಂಡಿತು. ಮಗಳು ಉಸಿರು ಬಿಟ್ಟಿದ್ದೂ ನನಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಅಲ್ಲಿ ಮ್ಯಾಚಿನಲ್ಲಿ ಸ್ಕೋರು 10–10. ಆಟ ಮುಗಿಯುವುದಕ್ಕೆ 45 ಸೆಕೆಂಡ್ ಇರುವಾಗ ಮಿಷಿಗನ್ ಫೀಲ್ಡ್ ಗೋಲ್ ಒದೆಯಿತು, ಅಂದರೆ ಕಂಬಗಳ ಮಧ್ಯೆ ಚೆಂಡು ಒದ್ದು ಮೂರು ಪಾಯಿಂಟು. 13–10. ಮಗಳು ಗ್ಲೌಸು ಕಚ್ಚಿಕೊಂಡಳು. ಇವರು? "ಹೋಓಓ!" ಜಿಂಕೆ ಬಿಳಿ ಬಾಲ ಎತ್ತಿ ಹೋಗಿದ್ದು, ಇನ್ನೂ ಓಡುತ್ತಿರಬೇಕು.

ಗಲಾಟೆ ಮಾಡಿದ್ದು ಮಗು ಅಲ್ಲ. ಗಮನಿಸಿ. ಮಗು ಅಲ್ಲ!

ಆ ಸೀಸನ್ನಿನಲ್ಲಿ ಕೊನೆಗೆ ರಾಷ್ಟ್ರೀಯ ಚಾಂಪಿಯನ್ ಆಗಿದ್ದು ಒಹಾಯೋ ಸ್ಟೇಟ್. ಅದನ್ನು ಹೇಳುವುದಕ್ಕೆ ಕಾಮೆಂಟಿಗೆ ಬರಬೇಡಿ. ನಮ್ಮ ಮನೆಯಲ್ಲಿ ಆ ವರ್ಷ 13–10ಕ್ಕೇ ಮುಗಿಯಿತು.

ಎರಡನೇ ನೆಪ, "ನನಗೆ ಸ್ವಲ್ಪ ಶಾಂತಿ ಬೇಕು." ಅಯ್ಯೋ. ಆಫೀಸಿಗೆ ಕಾರಿನಲ್ಲಿ ಒಬ್ಬರೇ. ಅಲ್ಲಿ ಕಿವಿಗೆ ಹೆಡ್‌ಫೋನು. ಮನೆಗೆ ಬಂದರೆ ಬಾತ್‌ರೂಮಿನಲ್ಲಿ ಫೋನ್ ಹಿಡಿದು ಮುಕ್ಕಾಲು ಗಂಟೆ. ಇನ್ನೂ ಎಷ್ಟು ಶಾಂತಿ ಬೇಕು? ಹಿಮಾಲಯಕ್ಕೆ ಟಿಕೆಟ್ ಮಾಡಿಸಿಕೊಡಲಾ?

ಮೂರನೆಯದು ವಾಟ್ಸಾಪ್ ಪಂಡಿತರದ್ದು. "ಇದು ನಮ್ಮ ಸಂಸ್ಕೃತಿ ಅಲ್ಲ." ಮಿಷಿಗನ್ ಸರೋವರದ ಸಾಲ್ಮನ್ ಮೀನು ಕೂಡ ಇಲ್ಲಿಯದಲ್ಲ ರೀ. 1966ರಲ್ಲಿ ಪ್ಲಾಟ್ ನದಿಗೆ ಕೋಹೋ ಸಾಲ್ಮನ್ ಮರಿಗಳನ್ನು ತಂದು ಬಿಟ್ಟರು. ದಡಕ್ಕೆ ರಾಶಿ ರಾಶಿ ಬಂದು ಕೊಳೆಯುತ್ತಿದ್ದ ಏಲ್‌ವೈಫ್ ಅನ್ನುವ ಮೀನನ್ನು ತಿನ್ನಲಿ ಅಂತ. ತಿಂದವು, ದಪ್ಪ ಆದವು, ಉಳಿದುಕೊಂಡವು. ಈಗ ಅವನ್ನು ವೀಸಾ ಕೇಳುವವರು ಯಾರೂ ಇಲ್ಲ. ಇನ್ನು ಸಂಸ್ಕೃತಿಯ ಮಾತು ಬಂತಲ್ಲ, ಕೊಡಗಿನ ಹಾಕಿ ಹಬ್ಬ ನೋಡಿದ್ದೀರಾ? 1997ರಿಂದ ನಡೆಯುತ್ತಿದೆ. ಟೀಮು ಕಾಲೇಜಿನದ್ದಲ್ಲ, ಊರಿನದ್ದಲ್ಲ, ಮನೆತನದ್ದು. ಅಪ್ಪ ಮಗಳು ಒಂದೇ ಟೀಮಿನಲ್ಲಿ ಸ್ಟಿಕ್ ಹಿಡಿದು ಓಡುತ್ತಾರೆ. ಅಲ್ಲಿ ಯಾರೂ "ಅಕ್ಕಾ, ಗಂಡನನ್ನು ಬಿಡಿ" ಅನ್ನುವುದಿಲ್ಲ. ಪಾಸ್ ಕೊಡಿ ಅನ್ನುತ್ತಾರೆ.

"ಪಾಪ ಜಿಂಕೆ" ಅಂತ ಚಿಕನ್ ಬಿರಿಯಾನಿ ತಿನ್ನುತ್ತಾ ಟೈಪ್ ಮಾಡುವವರಿಗೆ ಉತ್ತರ ಕೊಡುವುದಿಲ್ಲ. ನಿಜವಾದ ಸಸ್ಯಾಹಾರಿಗಳು ಕೇಳಿದರೆ ಮರ್ಯಾದೆಯಿಂದ ಕೂತು ಮಾತಾಡೋಣ, ಇನ್ನೊಂದು ದಿನ. ಒಂದು ಮಾತ್ರ ಹೇಳಿಬಿಡುತ್ತೇನೆ. 1937ರಿಂದ ಇಲ್ಲಿ ಬೇಟೆಯ ಬಂದೂಕು, ಗುಂಡುಗಳ ಮೇಲೆ ಒಂದು ತೆರಿಗೆ ಇದೆ, ಈಗ 11 ಪರ್ಸೆಂಟ್. ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಹಂಚುವಾಗ ರಾಜ್ಯ ಎಷ್ಟು ದೊಡ್ಡದು, ಲೈಸೆನ್ಸ್ ಇರುವವರು ಎಷ್ಟು ಜನ ಅಂತ ನೋಡುತ್ತಾರೆ. ಬೇಟೆಗಾರರಿಗೆ ವಯಸ್ಸಾಗುತ್ತಿದೆ. ಹೊಸಬರು ಬರದಿದ್ದರೆ ಕಾಡು ನೋಡಿಕೊಳ್ಳುವುದಕ್ಕೆ ದುಡ್ಡು ಎಲ್ಲಿಂದ? ಹೊಸಬರು ಎಲ್ಲಿಂದ ಬರುತ್ತಾರೆ? ಮನೆಯಿಂದ. ಆದ್ದರಿಂದ ಮನೆಯವರನ್ನು ಏನು ಮಾಡಬೇಕು? ಕರೆದುಕೊಂಡು ಹೋಗಬೇಕು. ಗೊತ್ತಾಯ್ತಾ?

"ಕಾಲೇಜು ಫುಟ್‌ಬಾಲ್ ಈಗ ಬರೀ ದುಡ್ಡಿನ ಆಟ, 2021ರಿಂದ ಹುಡುಗರು ಜಾಹೀರಾತಿನಲ್ಲಿ ಸಂಪಾದಿಸುತ್ತಾರೆ" ಅಂತಲೂ ಒಬ್ಬರು ಬರೆದಿದ್ದಾರೆ. ಸಂಪಾದಿಸಲಿ ಬಿಡಿ. ಮೂಳೆ ಮುರಿಯುವುದು ಅವರದ್ದು. ನಿಮಗೇನು ಕಷ್ಟ?

ಈಗ ನಮ್ಮ ಅತ್ತೆಯ ವಿಷಯ. ಹೋದ ಚಳಿಗಾಲ ಊರಿಂದ ಬಂದಿದ್ದರು. ಇವರು ಮೆಲ್ಲಗೆ ಐಸ್ ಮೀನಿಗೆ ಹೊರಟರು, ಒಬ್ಬರೇ. ನಾನು ಕೇಳಿದೆ, "ಅಮ್ಮನನ್ನು ಬಿಟ್ಟು ಎಲ್ಲಿಗೆ?" "ಅಮ್ಮನಿಗೆ ಚಳಿ ಆಗುತ್ತೆ" ಅಂದರು. ಅತ್ತೆ ಆಗಲೇ ಶೂ ಹಾಕುತ್ತಿದ್ದರು.

ಫೆಬ್ರವರಿಯಲ್ಲಿ ಒಂದು ವಾರಾಂತ್ಯ ಇಲ್ಲಿ ಲೈಸೆನ್ಸ್ ಇಲ್ಲದೆಯೇ ಮೀನು ಹಿಡಿಯಬಹುದು. ಜೂನ್‌ನಲ್ಲೂ ಒಂದು ಇದೆ. ಬರೆದಿಟ್ಟುಕೊಳ್ಳಿ, ಊರಿಂದ ಅಪ್ಪ ಅಮ್ಮ ಬಂದಾಗ ಕೆಲಸಕ್ಕೆ ಬರುತ್ತದೆ. 17 ತುಂಬದ ಮಕ್ಕಳಿಗಂತೂ ಯಾವಾಗಲೂ ಲೈಸೆನ್ಸ್ ಬೇಡ. ಐಸ್ ಕಡಿಮೆ ಅಂದರೆ ನಾಲ್ಕು ಇಂಚು ಗಟ್ಟಿ, ತಿಳಿಯಾಗಿ ಇರಬೇಕು. ಇಲ್ಲದಿದ್ದರೆ ಕಾಲಿಡಬೇಡಿ, ಇದು ತಮಾಷೆ ಅಲ್ಲ.

ಇವರು ಐಸ್ ಕೊರೆದರು. ತೂತಿನಲ್ಲಿ ನೀರು ಉಕ್ಕಿತು, ಮೇಲೆಲ್ಲ ಐಸಿನ ಪುಡಿ ತೇಲುತ್ತಿತ್ತು. ಅದನ್ನು ತೆಗೆಯುವ ಸೌಟು ಮರೆತು ಬಂದಿದ್ದರು. ಅತ್ತೆ ಬ್ಯಾಗಿನಿಂದ ನಮ್ಮ ಮನೆಯ ಬೋಂಡಾ ಎತ್ತುವ ಜಾಲರಿ ಸೌಟು ತೆಗೆದರು. ಯಾಕೆ ತಂದಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಸಲ ಎತ್ತಿ ಹಾಕಿದರು, ತೂತು ಕ್ಲೀನ್. ಆಮೇಲೆ ಸ್ಟೂಲ್ ಮೇಲೆ ಕೂತು, ಪಕ್ಕದ ತೋಟದವರ ಬೇಲಿ ಜಗಳದ ಕೋರ್ಟು ಕೇಸನ್ನು ಮೊದಲಿಂದ ಕೊನೆವರೆಗೆ ಹೇಳಿದರು. ಕೊನೆ ಅಂದರೆ ಕೇಸು ಇನ್ನೂ ನಡೆಯುತ್ತಿದೆ. ಆ ದಿನ ಜಾಸ್ತಿ ಪರ್ಚ್ ಮೀನು ಹಿಡಿದಿದ್ದು ಯಾರು? ಅತ್ತೆ. ಮಾತು ಒಂದು ಕ್ಷಣವೂ ನಿಲ್ಲಿಸದೆ. ಮೀನಿಗೆ ನಿಶ್ಶಬ್ದ ಬೇಕಂತೆ!

ಇಲ್ಲಿಂದ ಮುಂದೆ ಸ್ಕ್ರಿಪ್ಟಿನಲ್ಲಿ ನಾನು ಇನ್ನೂ ಮೂರು ಕಾರಣ ಬರೆದುಕೊಂಡಿದ್ದೆ. ಒಂದಕ್ಕೆ ಎದುರು ಪ್ರಶ್ನಾರ್ಥಕ ಚಿಹ್ನೆ ಇದೆ. ಇನ್ನೊಂದು ನನ್ನ ಅಕ್ಷರ ನನಗೇ ಓದಲಿಕ್ಕೆ ಆಗುತ್ತಿಲ್ಲ. ಮೂರನೆಯದು "ಅತ್ತೆ" ಅಂತಷ್ಟೇ ಇದೆ, ಅದು ಆಯಿತು. ಬಿಡಿ. ಕಾರಣ ಯಾಕೆ ಬೇಕು? ಕರೆದುಕೊಂಡು ಹೋಗಿ ಅಂದರೆ ಕರೆದುಕೊಂಡು ಹೋಗಬೇಕಪ್ಪ. ಮಗಳನ್ನು, ಮಗನನ್ನು, ಹೆಂಡತಿಯನ್ನು, ಅಮ್ಮನನ್ನು, ಭಾವಮೈದುನನನ್ನೂ. ಭಾವಮೈದುನ ಐಸ್ ತುಂಬಿದ ಕೂಲರ್ ಡಬ್ಬಿ ಹೊರುತ್ತಾನೆ.

ಮತ್ತೆ ಕನ್ನಡ ಕೂಟಗಳವರಿಗೆ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಕಾಲೇಜು ಮ್ಯಾಚು ಇರುವ ನವೆಂಬರಿನ ಶನಿವಾರವೇ ಯಾಕೆ ಹುಡುಕುತ್ತೀರಿ? ಭಾನುವಾರ ಮಾಡಿ. ಹೋದ ಸಲ ನಾಡಗೀತೆ ನಡೆಯುವಾಗ ಹಿಂದಿನ ಸಾಲಿನಲ್ಲಿ ಟಚ್‌ಡೌನ್ ಅಂತ ಕೂಗಿದ್ದು ನಮ್ಮ ಮನೆಯವರಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಮುಂದಿನ ವಿಡಿಯೋ ಅಡುಗೆಯದು. ಜಿಂಕೆ ಮಾಂಸವನ್ನು ಪಂದಿ ಕರಿಯ ಮಸಾಲೆಯಲ್ಲಿ ಮಾಡಿ, ಕೊನೆಗೆ ಕಾಚಂಪುಳಿ ಅನ್ನುವ ಕೊಡಗಿನ ಹುಳಿ ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಅಂತ ಅತ್ತೆ ಫೋನಿನಲ್ಲಿ ಹೇಳುತ್ತಾರೆ, ನಮ್ಮವರು ಮಾಡುತ್ತಾರೆ, ನಾನು ಕ್ಯಾಮೆರಾ ಹಿಡಿಯುತ್ತೇನೆ. ಬೆಲ್ ಒತ್ತಿಟ್ಟುಕೊಳ್ಳಿ. ಒಹಾಯೋದಿಂದ ನೋಡುವವರೂ ನೋಡಬಹುದು. ಮಸಾಲೆಯ ಅಳತೆ ಮಾತ್ರ ಕೇಳಬೇಡಿ, ಕೊಡುವುದಿಲ್ಲ.