ರೋಲ್ ಬೇಕಾ? ಮೊದ್ಲು ರೆಕ್ಕೆ ಉದ್ದ ನೋಡ್ರಪ್ಪ

ನಮಸ್ಕಾರ ಎಲ್ರಿಗೂ. ಹೋದ ವಿಡಿಯೋಗೆ ಒಬ್ರು ಕಾಮೆಂಟ್ ಹಾಕಿದಾರೆ, "ಗುರು, ಐಲೆರಾನ್ ದೊಡ್ಡದು ಮಾಡು, ರೆಕ್ಕೆ ತುದಿ ಹಗುರ ಮಾಡು, ಪ್ಲೇನ್ ತಾನಾಗೇ ಫಾಸ್ಟಾಗಿ ರೋಲ್ ಆಗುತ್ತೆ" ಅಂತ. ಅದಕ್ಕೆ ರಾಶಿ ಲೈಕ್ ಬೇರೆ! ಗ್ಯಾರೇಜಲ್ಲಿ ಕೂತು ಸ್ವಂತ ಪ್ಲೇನ್ ಕಟ್ಟೋರು ಇದನ್ನ ನಂಬಿದ್ರೆ ಏನ್ರೀ ಗತಿ? ರೋಲ್ ಅಂದ್ರೆ ಒಂದು ರೆಕ್ಕೆ ಇಳಿದು ಇನ್ನೊಂದು ಏರಿ ಪ್ಲೇನ್ ಪಕ್ಕಕ್ಕೆ ಹೊರಳೋದು. ಅದನ್ನ ಮಾಡ್ಸೋದು ಐಲೆರಾನ್, ರೆಕ್ಕೆ ಹಿಂದಿನ ಅಂಚಲ್ಲಿ ಮೇಲೆ ಕೆಳಗೆ ಆಡೋ ಪಟ್ಟಿ.

ರೋಲ್‌ಗೆ ಮುಖ್ಯ ಸ್ಪ್ಯಾನ್ ಕಣ್ರೀ. ಈ ತುದಿಯಿಂದ ಆ ತುದಿಗೆ ರೆಕ್ಕೆ ಎಷ್ಟುದ್ದ, ಮೊದ್ಲು ಅದು ನೋಡಿ.

ಸ್ಟಿಕ್ ಎಡಕ್ಕೆ ತಳ್ಳಿದ್ರಿ, ಎಡ ರೆಕ್ಕೆ ಇಳಿಯೋಕೆ ಶುರುವಾಯ್ತು, ಇಳೀತಿರೋ ರೆಕ್ಕೆಗೆ ಗಾಳಿ ಸ್ವಲ್ಪ ಕೆಳಗಿಂದ ಬಂದು ಹೊಡಿಯುತ್ತೆ, ಅಲ್ಲಿ ಲಿಫ್ಟ್, ಅಂದ್ರೆ ರೆಕ್ಕೆನ ಮೇಲೆತ್ತೋ ಬಲ, ಜಾಸ್ತಿ ಆಗುತ್ತೆ, ಏರ್ತಿರೋ ಕಡೆ ಕಮ್ಮಿ ಆಗುತ್ತೆ, ಎರಡೂ ಸೇರಿ ರೋಲನ್ನೇ ತಡೆಯುತ್ತೆ. ಇದೇ ರೋಲ್ ಡ್ಯಾಂಪಿಂಗ್. ರೆಕ್ಕೆ ಉದ್ದ ಆದಷ್ಟೂ ತುದಿ ಜೋರಾಗಿ ಇಳಿಯುತ್ತೆ, ಈ ತಡೆನೂ ಜಾಸ್ತಿ. ಐಲೆರಾನ್ ತಳ್ಳೋ ಬಲ, ಈ ತಡೆ, ಎರಡೂ ಸಮ ಆಯ್ತಾ, ಅಲ್ಲಿಂದಾಚೆ ರೋಲ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಡಿಗ್ರಿ ಹೊರಳುತ್ತೆ ಅನ್ನೋದು, ಏರಲ್ಲ. 1941ರಲ್ಲೇ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ಗಿಲ್‌ರುತ್, ಟರ್ನರ್ ಇಬ್ರೂ ಬೇಕಾದಷ್ಟು ವಿಮಾನಗಳ ಹಾರಾಟ ಅಳೆದು, ರೆಕ್ಕೆ ತುದಿ ಗಾಳೀಲಿ ಸುತ್ಕೊಂಡು ಹೋಗೋ ಕೋನ 0.07 ರೇಡಿಯನ್, ಅಂದ್ರೆ 4 ಡಿಗ್ರಿ, ಬಂದ್ರೆ ಕಂಟ್ರೋಲ್ ಚೆನ್ನಾಗಿದೆ ಅಂದ್ರು. ಸೆಕೆಂಡಿಗೆ 200 ಅಡಿ ಸ್ಪೀಡು, ಅದೇ 4 ಡಿಗ್ರಿ, ಲೆಕ್ಕ ಹಾಕಿ: ಆರ್‌ವಿ-4 ಅನ್ನೋ ಕಿಟ್ ಪ್ಲೇನ್ ಥರ 23 ಅಡಿ ರೆಕ್ಕೆಗೆ ಸೆಕೆಂಡಿಗೆ 70 ಡಿಗ್ರಿ ರೋಲ್. ಸೆಸ್ನಾ 172 ಥರ 36 ಅಡಿಗೆ ಬರೀ 45!

ಇಂಥ ಲೆಕ್ಕ ಕನ್ನಡದಲ್ಲಿ ಬೇಕು ಅನ್ನೋರು ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಮರೀಬೇಡಿ.

ತುದಿ ಹಗುರ ಮಾಡಿದ್ರೆ? ರೋಲ್ ಬೇಗ ಶುರುವಾಗುತ್ತೆ, ಬೇಗ ನಿಲ್ಲುತ್ತೆ, ಅಷ್ಟೇ. ಶುರುವಾದ್ಮೇಲೆ ಎಷ್ಟು ಜೋರಾಗಿ ತಿರುಗುತ್ತೆ ಅನ್ನೋದಕ್ಕೂ ತೂಕಕ್ಕೂ ಸಂಬಂಧ ಇಲ್ಲ ಸ್ವಾಮಿ. ಐಲೆರಾನ್ ದೊಡ್ಡದು ಮಾಡಿದ್ರೆ? ಮುಂದಿಂದ ಹಿಂದಕ್ಕೆ ಅದರ ಅಗಲ ಡಬಲ್ ಮಾಡಿ, ಅಷ್ಟೇ ತಿರುಗಿಸೋಕೆ ಹಿಂಜ್ ಮೇಲೆ ಬೀಳೋ ಭಾರ ಹೆಚ್ಚೂಕಮ್ಮಿ ನಾಲ್ಕು ಪಟ್ಟು. ಸ್ಟಿಕ್ ಎಳೆದೂ ಎಳೆದೂ ತೋಳು ಸೋತುಹೋಗುತ್ತೆ, ಮೇಲಿಂದ ಮೂತಿ ಉಲ್ಟಾ ಕಡೆ ಎಳ್ಕೊಂಡು ಹೋಗುತ್ತೆ, ಅದನ್ನ ನೇರ ಮಾಡೋಕೆ ಬಾಲದ ರಡ್ಡರ್ ಒತ್ತುತ್ತಾ ಕೂತ್ಕೊಳಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಫೈಟರ್ ಪ್ಲೇನ್ ಫೋಕ್-ವುಲ್ಫ್ 190 ರೋಲಲ್ಲಿ ಮುಂದಿತ್ತಲ್ಲ, ಬ್ರಿಟಿಷರು ಸ್ಪಿಟ್‌ಫೈರ್‌ಗೆ ಏನ್ ಮಾಡಿದ್ರು? ರೆಕ್ಕೆ ತುದಿ ಬಿಚ್ಚಿ ಎಸೆದ್ರು! 36 ಅಡಿ 10 ಇಂಚು ಇದ್ದಿದ್ದು 32 ಅಡಿ ಚಿಲ್ರೆಗೆ ಬಂತು. ಯಾಕ್ರೀ? ಸ್ಪ್ಯಾನ್!

"ಪಿಟ್ಸ್ ಎಸ್-1ಎಸ್‌ಗೆ 4 ಐಲೆರಾನ್ ಇದ್ಯಲ್ಲ ಸಾರ್" ಅಂತ ಒಬ್ಬ ಬಂದೇ ಬರ್ತಾನೆ. ಅಪ್ಪಾ, ಗಾಳೀಲಿ ಕಸರತ್ತು ಮಾಡೋ ಆ ಪುಟ್ಟ ಪ್ಲೇನಿನ ರೆಕ್ಕೆ 17 ಅಡಿ 4 ಇಂಚು, ಅದು ಕಣ್ಣಿಗೆ ಬೀಳಲಿಲ್ವಾ? ಟೇಪರ್, ಅಂದ್ರೆ ತುದಿ ಕಡೆ ಕಿರಿದಾಗೋ ರೆಕ್ಕೆ, ಅಂತೀರಾ, ಇರ್ಲಿ, ಆಮೇಲೆ ನೋಡೋಣ. ಕ್ಲೈಂಬ್ ಕಮ್ಮಿ ಆಗುತ್ತೆ, ಲ್ಯಾಂಡಿಂಗ್ ಸ್ಪೀಡ್ ಜಾಸ್ತಿ ಆಗುತ್ತೆ ಅಂತೀರಾ, ಆಗ್ಲಿ ಬಿಡ್ರೀ, ರೋಲ್ ಕೇಳಿದ್ದು ನೀವೇ ತಾನೇ! ಹಾಗಂತ ಕಟ್ಟಿರೋ ರೆಕ್ಕೆಗೆ ಗರಗಸ ಇಡಬೇಡಿ, ಕಿಟ್ ಆರ್ಡರ್ ಮಾಡೋಕ್ ಮುಂಚೇನೇ ಸ್ಪ್ಯಾನ್ ನೋಡಿ.

ಸ್ಪ್ಯಾನ್, ಸ್ಪ್ಯಾನ್, ಸ್ಪ್ಯಾನ್. ನೀವು ಕಟ್ತಿರೋ ಪ್ಲೇನ್ ರೆಕ್ಕೆ ಎಷ್ಟು ಅಡಿ ಅಂತ ಕೆಳಗೆ ಬರೀರಿ, ಅಡಿ ಒಂದೇ ಸಾಕು. ಶನಿವಾರ ಲೈವಲ್ಲಿ ಒಂದೊಂದಕ್ಕೂ ಲೆಕ್ಕ ಹಾಕ್ತೀನಿ.