ಕೊಸರಿಗೆ ಬಂದ ಗುಬ್ಬಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂತೆಯಲ್ಲಿ ಸೊಪ್ಪು ಕೊಂಡವರಿಗೆ ಕೊಸರು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಲೆಕ್ಕದ ಕಟ್ಟುಗಳ ಮೇಲೆ ಮಾರುವವರು ಸುಮ್ಮನೆ ಹಾಕಿಕೊಡುವುದು ಕೊಸರು. ಅದಕ್ಕೆ ದುಡ್ಡಿಲ್ಲ, ಲೆಕ್ಕವೂ ಇಲ್ಲ. ಮನುಷ್ಯನಿಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಕ್ರೈಸ್ತರು ಕೊಡುವ ಉತ್ತರವನ್ನು ಆ ಕೊಸರಿನಿಂದಲೇ ಶುರುಮಾಡುತ್ತೇನೆ.

ಯೇಸುವಿನ ಕಾಲದಲ್ಲಿ ಗುಬ್ಬಿ ಬಡವರು ಕೊಂಡು ತಿನ್ನುವ ಮಾಂಸ. ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಅದರ ದರವೇ ಸಿಗುತ್ತದೆ: ಒಂದು ಅಸ್ಸಾರಿಯನ್‌ಗೆ ಎರಡು ಗುಬ್ಬಿ. ಅಸ್ಸಾರಿಯನ್ ಎಂದರೆ ಪುಡಿ ನಾಣ್ಯ. ಹದಿನಾರು ಸೇರಿದರೆ ಒಂದು ದಿನಾರಿ. ಕೂಲಿಯಾಳಿನ ಒಂದು ದಿನದ ದುಡಿಮೆ ಅಷ್ಟು. ಲೂಕನ ಸುವಾರ್ತೆಯ 12ನೆಯ ಅಧ್ಯಾಯಕ್ಕೆ ಬಂದರೆ ದರ ಸ್ವಲ್ಪ ಬೇರೆ: ಎರಡು ಅಸ್ಸಾರಿಯನ್‌ಗೆ ಐದು ಗುಬ್ಬಿ. ಲೆಕ್ಕ ಹಾಕಿ ನೋಡಿ, ನಾಲ್ಕು ಬರಬೇಕಾದಲ್ಲಿ ಐದು ಬಂದಿವೆ. ಆ ಐದನೆಯದು ಕೊಸರು. ಆದರೂ ಅವುಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ, ನೀವು ಬಹಳ ಗುಬ್ಬಿಗಳಿಗಿಂತ ಹೆಚ್ಚಿನವರು, ಹೆದರಬೇಡಿ ಎನ್ನುತ್ತಾನೆ ಯೇಸು. ಸಂತೆಯಲ್ಲಿ ಬೆಲೆಯೇ ಕಟ್ಟದ ಗುಬ್ಬಿ ದೇವರ ನೆನಪಿನಲ್ಲಿದೆ. ಅದರ ಬೆಲೆ ಇರುವುದು ಆ ನೆನಪಿನಲ್ಲಿ.

ಈ ಮಾತಿನ ಬೇರು ಬೈಬಲಿನ ಮೊದಲ ಅಧ್ಯಾಯದಲ್ಲಿದೆ. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ, ತನ್ನ ಹೋಲಿಕೆಗೆ ಸರಿಯಾಗಿ, ಗಂಡು ಹೆಣ್ಣಾಗಿ ಉಂಟುಮಾಡಿದನು ಎನ್ನುತ್ತದೆ ಆದಿಕಾಂಡ. ಕನ್ನಡದ ‘ಸ್ವರೂಪ’ ಎಂಬ ಪದ ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಬಹುದು. ನಮ್ಮಲ್ಲಿ ಸ್ವರೂಪವೆಂದರೆ ನಿಜರೂಪ, ಒಳಗಿನ ತಿರುಳು. ಹಾಗೆ ಓದಿದರೆ ಮನುಷ್ಯನೇ ದೇವರ ಅಂಶ ಎಂದಾಗುತ್ತದೆ. ಕ್ರೈಸ್ತರು ಹಾಗೆ ಹೇಳುವುದಿಲ್ಲ. ಹೀಬ್ರೂ ಮೂಲದಲ್ಲಿರುವುದು ‘ಸೆಲೆಮ್’, ಅಂದರೆ ಪ್ರತಿಮೆ. ಮತ್ತು ‘ದೆಮೂತ್’, ಅಂದರೆ ಹೋಲಿಕೆ. 1979ರಲ್ಲಿ ಸಿರಿಯಾದ ತೆಲ್ ಫೆಖೆರಿಯೆಯಲ್ಲಿ ಒಬ್ಬ ಪಾಳೆಯಗಾರನ ಕಲ್ಲಿನ ಪ್ರತಿಮೆ ಸಿಕ್ಕಿತು. ಅದರ ಮೇಲಿನ ಅರಮಾಯಿಕ್ ಬರಹ ಆ ಪ್ರತಿಮೆಯನ್ನು ಇದೇ ಎರಡು ಪದಗಳ ಅರಮಾಯಿಕ್ ರೂಪಗಳಿಂದ ಕರೆಯುತ್ತದೆ. ಪ್ರತಿಮೆ ನಿಂತ ಕಡೆ ಅದರ ಒಡೆಯನಿಗೆ ಗೌರವ ಸಲ್ಲಬೇಕು. ಪ್ರತಿಮೆಗೆ ಉಗುಳಿದರೆ ಅರಸನಿಗೇ ಉಗುಳಿದ ಹಾಗೆ.

ಆ ಕಾಲದ ಈಜಿಪ್ಟಿನಲ್ಲೂ ಮೆಸೊಪೊಟೇಮಿಯದಲ್ಲೂ ‘ದೇವರ ಪ್ರತಿಮೆ’ ಎಂಬ ಬಿರುದು ಸಲ್ಲುತ್ತಿದ್ದದ್ದು ಮುಖ್ಯವಾಗಿ ಅರಸನಿಗೆ. ಆದಿಕಾಂಡ ಅದನ್ನು ಕುರಿ ಕಾಯುವವನಿಗೂ ಬಾಣಂತಿಗೂ ಕೊಟ್ಟುಬಿಟ್ಟಿತು. ಅರಮನೆಯ ಬಿರುದು ಬೀದಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಇದನ್ನು ಅರ್ಥಮಾಡಿಕೊಳ್ಳುವಾಗ ಎಡವುವ ಜಾಗಗಳಿವೆ. ಎಲ್ಲಕ್ಕಿಂತ ಅಪಾಯದ್ದು, ದೇವರ ಸ್ವರೂಪವೆಂದರೆ ಮನುಷ್ಯನ ಬುದ್ಧಿಶಕ್ತಿ ಎಂದುಕೊಳ್ಳುವುದು. ದೊಡ್ಡ ದೊಡ್ಡ ಪಂಡಿತರೂ ಹಾಗೆ ಬರೆದಿದ್ದಾರೆ. ಆದರೆ ಆ ದಾರಿಯಲ್ಲಿ ನಡೆದರೆ ಮೂರು ತಿಂಗಳ ಕೂಸಿನ ಗತಿ ಏನು? ಮಗಳ ಗುರುತೇ ಸಿಗದ ಮುದುಕಿಯ ಗತಿ? ಬುದ್ಧಿ ಬೆಳೆಯುವಷ್ಟು ಬೆಲೆ ಬೆಳೆದು, ಬುದ್ಧಿ ಮಸುಕಾದಷ್ಟು ಬೆಲೆ ಇಳಿಯಬೇಕಾಗುತ್ತದೆ. ಆದಿಕಾಂಡ ಅಲ್ಲಿ ಯಾವ ಸಾಮರ್ಥ್ಯದ ಹೆಸರನ್ನೂ ಎತ್ತುವುದಿಲ್ಲ. ಬದಲಿಗೆ 5ನೆಯ ಅಧ್ಯಾಯದಲ್ಲಿ ಅದೇ ಎರಡು ಪದಗಳನ್ನು ಇನ್ನೊಮ್ಮೆ ಬಳಸುತ್ತದೆ: ಆದಾಮನಿಗೆ ಹುಟ್ಟಿದ ಸೇತನು ಅಪ್ಪನ ಹೋಲಿಕೆಯಲ್ಲಿ, ಅಪ್ಪನ ಸ್ವರೂಪದಲ್ಲಿ ಹುಟ್ಟಿದ. ಅಪ್ಪನ ಪಡಿಯಚ್ಚು ಎನ್ನುತ್ತೇವಲ್ಲ, ಹಾಗೆ. ಕೂಸು ಅಪ್ಪನನ್ನು ಹೋಲುವುದಕ್ಕೆ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ.

ಪಾಪ ಮಾಡಿದವನಲ್ಲಿ ಆ ಸ್ವರೂಪ ಅಳಿಸಿಹೋಗುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಆದರೆ ಕೊಲೆ ಏಕೆ ಕೂಡದು ಎಂಬುದಕ್ಕೆ ಇದೇ ಸ್ವರೂಪವನ್ನು ಕಾರಣವಾಗಿ ಕೊಡುವ ಮಾತು ಬರುವುದು ಆದಿಕಾಂಡದ 9ನೆಯ ಅಧ್ಯಾಯದಲ್ಲಿ, ಜಲಪ್ರಳಯ ಕಳೆದ ಮೇಲೆ, ಮನುಷ್ಯನ ಕೇಡೆಲ್ಲ ಬಯಲಾದ ಮೇಲೆ. ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆ, ಅಂದರೆ ಅವನ ಪತ್ರ, ಬೈಗುಳವನ್ನೂ ಇದೇ ಕಾರಣಕ್ಕೆ ತಡೆಯುತ್ತದೆ: ತಂದೆಯಾದ ದೇವರನ್ನು ಕೊಂಡಾಡುವ ನಾಲಿಗೆಯಿಂದಲೇ ಆತನ ಹೋಲಿಕೆಯಲ್ಲಿ ಆದವರನ್ನು ಶಪಿಸುತ್ತೇವೆ, ಹೀಗಾಗಬಾರದು ಎಂದು.

ಕನ್ನಡದಲ್ಲಿ ಬೆಲೆ ಮತ್ತು ಯೋಗ್ಯತೆ ಎಂಬ ಎರಡು ಪದಗಳಿರುವುದು ನಮ್ಮ ಪುಣ್ಯ. ಕಥೊಲಿಕ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ, ಸ್ವಾಮಿ, ನಾನು ಯೋಗ್ಯನಲ್ಲ ಎಂದು ಜನ ಹೇಳುತ್ತಾರೆ. ಮತ್ತಾಯನ 8ನೆಯ ಅಧ್ಯಾಯದಲ್ಲಿ ರೋಮನ್ ಶತಾಧಿಪತಿಯೊಬ್ಬ ತನ್ನ ಆಳಿಗಾಗಿ ಬೇಡುವಾಗ ಆಡಿದ ಮಾತು ಅದು. ಇದನ್ನು ಕೇಳಿ, ಕ್ರೈಸ್ತಧರ್ಮ ಮನುಷ್ಯನನ್ನು ಹೀಗಳೆಯುತ್ತದೆ ಎಂದುಕೊಳ್ಳುವವರಿದ್ದಾರೆ. ಯೋಗ್ಯತೆ ಗಳಿಸುವಂಥದ್ದು. ನಾನು ಗಳಿಸಿಲ್ಲ ಎಂದು ಒಪ್ಪಿಕೊಂಡರೆ ನನಗೆ ಬೆಲೆಯಿಲ್ಲ ಎಂದಾಗುವುದಿಲ್ಲ. ಬೋಧಕರೇ ಎಷ್ಟೋ ಸಲ ಈ ಎರಡನ್ನೂ ಕಲಸಿ, ಮೊದಲೇ ಕುಗ್ಗಿದ ಜನರನ್ನು ಇನ್ನಷ್ಟು ಕುಗ್ಗಿಸಿದ್ದಾರೆ. ಅದು ದೊಡ್ಡ ತಪ್ಪು.

ಬೈಬಲ್ ಮನುಷ್ಯನಿಗೆ ದರ ಹಾಕಿಯೇ ಇಲ್ಲವೇ ಎಂದು ಕೇಳಬಹುದು. ಹಾಕಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿ ಪಟ್ಟಿಯೇ ಇದೆ: ಇಪ್ಪತ್ತರಿಂದ ಅರವತ್ತು ವರ್ಷದ ಗಂಡಸಿಗೆ 50 ಶೆಕೆಲ್ ಬೆಳ್ಳಿ, ಹೆಂಗಸಿಗೆ 30, ಅರವತ್ತು ದಾಟಿದ ಗಂಡಸಿಗೆ 15, ಹೆಂಗಸಿಗೆ 10, ಐದು ವರ್ಷದೊಳಗಿನ ಗಂಡುಕೂಸಿಗೆ 5, ಹೆಣ್ಣುಕೂಸಿಗೆ 3. ದೇವರಿಗೆ ಒಬ್ಬ ವ್ಯಕ್ತಿಯನ್ನು ಹರಕೆ ಹೊತ್ತವರು ಹಣ ಕೊಟ್ಟು ಹರಕೆ ತೀರಿಸುವ ದರ ಇದು. ರಟ್ಟೆಯ ಬಲ ನೋಡಿ ಹಾಕಿದ್ದು. ಬಡವನಿಗೆ ಕೈಲಾದಷ್ಟೇ ಗೊತ್ತುಮಾಡಬೇಕೆಂದು ಅಲ್ಲೇ ಸೇರಿಸಿದೆ. ಇದರ ಪಕ್ಕದಲ್ಲಿ ವಿಮೋಚನಕಾಂಡದ 30ನೆಯ ಅಧ್ಯಾಯವನ್ನಿಟ್ಟು ಓದಬೇಕು. ಅಲ್ಲಿ ಜನಗಣತಿಯ ಹೊತ್ತಿಗೆ ಪ್ರತಿಯೊಬ್ಬನೂ ಪ್ರಾಣಕ್ಕೆ ಈಡಾಗಿ ಅರ್ಧ ಶೆಕೆಲ್ ಕೊಡಬೇಕು. ಸುಮಾರು ಐದೂವರೆ ಗ್ರಾಂ ಬೆಳ್ಳಿ. ಐಶ್ವರ್ಯವಂತ ಅದಕ್ಕಿಂತ ಹೆಚ್ಚು ಕೊಡಕೂಡದು, ಬಡವ ಕಡಿಮೆ ಕೊಡಕೂಡದು. ಎಣಿಕೆಗೆ ಹಿಡಿದದ್ದು ಇಪ್ಪತ್ತು ದಾಟಿದ ಗಂಡಸರನ್ನು ಮಾತ್ರ, ಅದೂ ನಿಜ. ಆದರೂ ಪ್ರಶ್ನೆ ದುಡಿಮೆಯಿಂದ ಪ್ರಾಣಕ್ಕೆ ಹೊರಳಿದ ಕೂಡಲೇ ತಕ್ಕಡಿ ಬದಲಾಯಿತು.

ಈ ಓದಿನ ತುದಿ ಮುಟ್ಟಿದವನು ನಾಲ್ಕನೆಯ ಶತಮಾನದಲ್ಲಿ ಈಗಿನ ಟರ್ಕಿಯ ಕಪ್ಪದೋಕ್ಯದ ಬಿಷಪ್ ಆಗಿದ್ದ ನಿಸ್ಸದ ಗ್ರೆಗೊರಿ. ‘ನಾನು ದಾಸದಾಸಿಯರನ್ನು ಕೊಂಡುಕೊಂಡೆ’ ಎಂಬ, ಬೈಬಲಿನ ಪ್ರಸಂಗಿ ಪುಸ್ತಕದ ಸಾಲನ್ನು ಹಿಡಿದು ಅವನು ಪೀಠದಿಂದ ಮಾರುಕಟ್ಟೆಯ ಪ್ರಶ್ನೆಗಳನ್ನೇ ಕೇಳಿದ. ದೇವರ ಸ್ವರೂಪಕ್ಕೆ ಎಷ್ಟು ಕಾಸು ತೂಗಿದೆ? ಇಡೀ ಲೋಕವೂ ಒಂದು ಪ್ರಾಣಕ್ಕೆ ಸಾಟಿಯಲ್ಲ ಎಂದಮೇಲೆ ಮಾರುವವನು ಯಾರು, ಕೊಳ್ಳುವವನು ಯಾರು? ಒಂದು ಚೂರು ಕ್ರಯಪತ್ರ ಕೈಯಲ್ಲಿದೆಯೆಂದು ನೀನು ಒಡೆಯನಾದೆಯಾ? ಗುಲಾಮಗಿರಿಯ ಬುಡಕ್ಕೇ ಕೊಡಲಿ ಹಾಕಿದ ಇಂಥ ಉಪದೇಶ ಆ ಕಾಲದಲ್ಲಿ ಬಹಳ ಅಪರೂಪ. ಕ್ರೈಸ್ತ ಸಭೆಯವರೇ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ರೈಸ್ತ ಅರಸರ ರಾಜ್ಯದಲ್ಲಿ ಜನರ ಮಾರಾಟ ನಡೆದೇ ಇತ್ತು. 1537ರಲ್ಲಿ ಮೂರನೆಯ ಪೌಲ್ ಪೋಪರು ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಕೂಡದೆಂದು ಬರೆಯಬೇಕಾಗಿ ಬಂತೆಂದರೆ, ಮಾಡುತ್ತಿದ್ದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೋಧನೆ ಎಲ್ಲಿ ಮುರಿಯುತ್ತದೆ ಎಂದು ನೋಡಲು ಸುಲಭದ ಜಾಗ, ಕೂರುವ ಬೆಂಚು. ಚಿನ್ನದ ಉಂಗುರದವನು ಬಂದರೆ ಒಳ್ಳೆಯ ಜಾಗ ತೋರಿಸಿ, ಹರಕು ಬಟ್ಟೆಯವನಿಗೆ ಅಲ್ಲೇ ನಿಂತುಕೋ ಎನ್ನುತ್ತೀರಲ್ಲ ಎಂದು ಯಾಕೋಬ ಮೊದಲ ಶತಮಾನದಲ್ಲೇ ಗದರಿಸಿದ್ದ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಸಾಲು ಇತ್ತು. ಕೆಲವು ಕಡೆ ಸತ್ತವರ ನಡುವೆಯೂ ಗೋಡೆ ಕಟ್ಟಿದರು. ಒಂದೇ ರೊಟ್ಟಿ ಮುರಿದು ತಿನ್ನುವವರು ಮಣ್ಣಿಗಿಳಿಯುವಾಗ ಬೇರೆ ಎಂದರೆ, ಆದಿಕಾಂಡದ ಮೊದಲ ಅಧ್ಯಾಯವನ್ನೇ ಹರಿದು ಹಾಕಿದ ಹಾಗೆ.

ಕೊನೆಯದಾಗಿ ಇನ್ನೊಂದು ದರ. ಎತ್ತು ಹಾಯ್ದು ಗುಲಾಮ ಸತ್ತರೆ ಒಡೆಯನಿಗೆ 30 ಶೆಕೆಲ್ ಬೆಳ್ಳಿ ಕೊಡಬೇಕೆಂದು ವಿಮೋಚನಕಾಂಡ ಹೇಳುತ್ತದೆ. ಶಿಷ್ಯನಾದ ಯೂದನು ಯೇಸುವನ್ನು ಹಿಡಿದುಕೊಟ್ಟದ್ದೂ 30 ಬೆಳ್ಳಿ ನಾಣ್ಯಕ್ಕೆ. ಬೆಳ್ಳಿಬಂಗಾರದಿಂದ ನಿಮ್ಮನ್ನು ಬಿಡಿಸಿದ್ದಲ್ಲ, ಕ್ರಿಸ್ತನ ರಕ್ತದಿಂದ ಎಂದು ಪೇತ್ರನ ಪತ್ರಿಕೆ ಹೇಳುವಾಗ ಕ್ರೈಸ್ತರು ಈ ಎರಡು ಮೊತ್ತಗಳನ್ನೂ ನೆನೆಯುತ್ತಾರೆ: ಗುಲಾಮನ ದರಕ್ಕೆ ಮಾರಿಹೋದವನೇ ಗುಲಾಮರ ಬಿಡುಗಡೆಗೆ ಕೊಟ್ಟ ಈಡಾದ. ಯೂದನು ಆ ಹಣವನ್ನು ದೇವಾಲಯದಲ್ಲಿ ಎಸೆದುಹೋದ. ರಕ್ತದ ಹಣ, ಕಾಣಿಕೆಯ ಪೆಟ್ಟಿಗೆಗೆ ಹಾಕುವಂತಿಲ್ಲ ಎಂದು ಯಾಜಕರು ಯೋಚಿಸಿ ಅದರಿಂದ ಒಬ್ಬ ಕುಂಬಾರನ ಹೊಲ ಕೊಂಡರು. ಊರಿಗೆ ಬಂದು ಸತ್ತ ಪರದೇಶಿಗಳನ್ನು ಹೂಳುವುದಕ್ಕೆ.

ನಮಸ್ಕಾರ.