ಕೀಳುವ ಮೊದಲು ಅನ್‌ಮೌಂಟ್

ಕೇಳುಗರಿಗೆ ನಮಸ್ಕಾರ. ಲಿನಕ್ಸ್ ಬಳಸುವವರಿಗೆ ಇವತ್ತು ನಾನು ಹೇಳುವುದು ಒಂದೇ ಮಾತು: ಪೆನ್ ಡ್ರೈವ್ ಕೀಳುವ ಮೊದಲು ಅನ್‌ಮೌಂಟ್ ಮಾಡಿ, ಅಂದರೆ ಬರೆಯುವುದನ್ನೆಲ್ಲ ಮುಗಿಸಿ ಡ್ರೈವನ್ನು ಬಿಟ್ಟುಕೊಡಲು ಕಂಪ್ಯೂಟರಿಗೆ ಹೇಳಿ.

ಏಕೆನ್ನುತ್ತೀರಾ? ಪೆನ್ ಡ್ರೈವ್ ನಿಧಾನ, ಮೆಮೊರಿ ಚುರುಕು. ನೀವು ನಕಲು ಮಾಡಿದ ಕಡತವನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ಮೊದಲು ಮೆಮೊರಿಯಲ್ಲಿ ಇರಿಸಿಕೊಂಡು 'ಆಯಿತು' ಎಂದುಬಿಡುತ್ತದೆ. ಡ್ರೈವ್‌ಗೆ ಬರೆಯುವುದು ಆಮೇಲೆ, ಕೆಲವೊಮ್ಮೆ 30 ಸೆಕೆಂಡು ತಡವಾಗಿ.

ನನಗೆ ಗೊತ್ತಿರುವ ಒಂದು ಫೋಟೊ ಸ್ಟುಡಿಯೊ ಇದೆ. ಮದುವೆಯ ವಿಡಿಯೊ ಒಯ್ಯಲು ಹುಡುಗಿಯ ತಂದೆ ಬಂದಿದ್ದರು. ಪರದೆಯ ಮೇಲೆ ನೂರಕ್ಕೆ ನೂರು ಎಂದು ಬಂದದ್ದೇ ತಡ, ಕೆಲಸದ ಹುಡುಗ ಡ್ರೈವ್ ಕಿತ್ತು ಕೊಟ್ಟ. ಮನೆಯಲ್ಲಿ ಬೀಗರನ್ನೆಲ್ಲ ಕೂರಿಸಿ ನೋಡಿದರೆ ಧಾರೆಯ ಕಡತ ಸರಿಯಾಗಿದೆ. ಆರತಕ್ಷತೆಯದ್ದು ಹೆಸರು ಮಾತ್ರ ಇದೆ, ಗಾತ್ರ ಸೊನ್ನೆ! ಯಜಮಾನರು ಕೆಂಡವಾಗಿ ವಾಪಸು ಬಂದರು. ಸ್ಟುಡಿಯೊದವರು ಬೈದದ್ದು ಯಾರನ್ನು? ಪಾಪ, ಪೆನ್ ಡ್ರೈವನ್ನು.

ಎರಡನೆಯ ಸಲ ನಾನು ಅಲ್ಲೇ ಇದ್ದೆ. ಹುಡುಗ ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅನ್‌ಮೌಂಟ್ ಮಾಡುವ ಆದೇಶವಾದ ಯುಮೌಂಟ್ ಕೊಟ್ಟ. 'ಟಾರ್ಗೆಟ್ ಈಸ್ ಬಿಸಿ', ಅಂದರೆ ಡ್ರೈವ್ ಇನ್ನೂ ಬಳಕೆಯಲ್ಲಿದೆ ಎಂಬ ಉತ್ತರ ಬಂತು. ತೆರೆದಿದ್ದ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿದ. ಮತ್ತೆ ಅದೇ ಉತ್ತರ. ಕೈ ಆಗಲೇ ಡ್ರೈವಿನ ಮೇಲಿತ್ತು! 'ತಡಿಯಪ್ಪಾ' ಎಂದು ಫ್ಯೂಸರ್ ಆದೇಶ ಕೊಡಿಸಿದೆ. ಯಾವ ಪ್ರೋಗ್ರಾಂ ಡ್ರೈವನ್ನು ಹಿಡಿದುಕೊಂಡಿದೆ ಎಂದು ಅದು ತೋರಿಸುತ್ತದೆ. ಸಾಲಿನಲ್ಲಿ ಬ್ಯಾಶ್ ಎಂಬ ಹೆಸರು, ಅದು ಟರ್ಮಿನಲ್‌ನೊಳಗೆ ಆದೇಶ ಓದುವ ಪ್ರೋಗ್ರಾಂ. ಪಕ್ಕದಲ್ಲಿ 'ಸಿ' ಅಕ್ಷರ, ಅದು ಪ್ರೋಗ್ರಾಂ ಈಗಿರುವ ಫೋಲ್ಡರ್ ಎಂಬ ಗುರುತು. ಅಂದರೆ ಅವನು ಟೈಪ್ ಮಾಡುತ್ತಿದ್ದ ಟರ್ಮಿನಲ್ಲೇ ಆ ಡ್ರೈವಿನ ಫೋಲ್ಡರ್‌ನಲ್ಲಿ ಕುಳಿತಿತ್ತು! ಮನೆಯೊಳಗೆ ನಿಂತುಕೊಂಡು ಹೊರಬಾಗಿಲಿಗೆ ಬೀಗ ಜಡಿಯಲು ಆಗುತ್ತದೆಯೇ? ಫೋಲ್ಡರ್ ಬದಲಿಸುವ ಸಿಡಿ ಆದೇಶ ಹೊಡೆದು ಹೊರಗೆ ಬಂದ, ಮತ್ತೆ ಯುಮೌಂಟ್ ಕೊಟ್ಟ. ಕರ್ಸರ್ ಮಿನುಗುತ್ತ ಸುಮ್ಮನೆ ನಿಂತಿತು. 'ಕೆಟ್ಟಿತಾ ಸಾರ್?' ಎಂದ. ಕೆಟ್ಟಿಲ್ಲ ಮಾರಾಯ, ಡ್ರೈವ್‌ಗೆ ಬರೆಯುವ ಕೆಲಸ ಮುಗಿಯುತ್ತಿರುವುದೇ ಆಗ. ಮುಂದಿನ ಆದೇಶಕ್ಕೆ ಕಾಯುವ ಗುರುತಾದ ಪ್ರಾಂಪ್ಟ್ ಮರಳಿದ ಮೇಲೆ ಕೀಳಿಸಿದೆ.

ಸಮಯ ಮುಗಿಯುತ್ತಿದೆ, ಗಾಜಿನಾಚೆ ಕೈಸನ್ನೆ ಶುರುವಾಗಿದೆ. ಬೇಗ ಹೇಳಿಬಿಡುತ್ತೇನೆ. ಯುಮೌಂಟ್ ಜೊತೆ 'ಎಲ್' ಸೇರಿಸಿದರೆ ಬಿಸಿ ಎಂಬ ದೂರು ಬರುವುದಿಲ್ಲ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಅದನ್ನು ನಂಬಿ ಡ್ರೈವ್ ಕೀಳಬೇಡಿ. ಅದು ಫೋಲ್ಡರನ್ನು ಕಣ್ಣಿನಿಂದ ಮರೆಮಾಡುತ್ತದೆ, ಅಷ್ಟೇ. ಹಿಡಿದುಕೊಂಡ ಪ್ರೋಗ್ರಾಂ ಹಿಡಿದೇ ಇರುತ್ತದೆ. ಮೌಸ್ ಬಳಸುವವರು ಡ್ರೈವಿನ ಹೆಸರಿನ ಪಕ್ಕದ ಎಜೆಕ್ಟ್ ಗುರುತನ್ನು ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವ ತನಕ ಕಾಯಿರಿ. ಆಮೇಲೆ ಕೀಳಿ. ನಮಸ್ಕಾರ.